ಅಪ್ಪನ ಹೆಜ್ಜೆ ಎಣಿಸಿದ ದಿನಗಳು

ಹೊಸ್ತಿಲ ಹತ್ತಿರ ಬಂದರೆ ಅಪ್ಪನ ಕಾಲು ನಿಂತುಬಿಡುತ್ತಿತ್ತು. ನೋವಿಲ್ಲ, ಊತವಿಲ್ಲ. ಆದರೂ ಪಾದ ನೆಲಕ್ಕೆ ಅಂಟಿಕೊಂಡ ಹಾಗೆ. ಮೈ ಮುಂದಕ್ಕೆ ಬಾಗುತ್ತಿತ್ತು, ಪಾದ ಮಾತ್ರ ಅಲ್ಲೇ. ಆಮೇಲೆ ಹೇಗೋ ಎರಡು ಪುಟ್ಟ ಹೆಜ್ಜೆ, ತಡೆದು ಮತ್ತೆರಡು, ನೆಲ ಉಜ್ಜಿಕೊಂಡೇ. ಹಿಂದಕ್ಕೆ ತಿರುಗಬೇಕಾದರೆ ಗಡಿಯಾರದ ಮುಳ್ಳಿನ ಹಾಗೆ ಚೂರುಚೂರೇ ಸರಿಯುತ್ತಿದ್ದರು.

ನಾವು ಅದನ್ನು ದಿನವೂ ನೋಡುತ್ತಿದ್ದೆವು. ನೋಡಿ ಸುಮ್ಮನಾಗುತ್ತಿದ್ದೆವು. ನಮ್ಮ ಚಿಂತೆಯೆಲ್ಲ ಅವರ ಮರೆವಿನ ಮೇಲಿತ್ತು. ಏನಾದರೂ ಕೇಳಿದರೆ ಉತ್ತರ ಬರುವಷ್ಟರಲ್ಲಿ ಕೇಳಿದವರೇ ಬೇರೆ ಕೆಲಸಕ್ಕೆ ಎದ್ದು ಹೋಗಿರುತ್ತಿದ್ದರು. ಪತ್ರಿಕೆ ಹಿಡಿದು ಕೂತರೆ ಗಂಟೆಯಾದರೂ ಅದೇ ಪುಟ. ಬಾಯಿಲೆಕ್ಕದಲ್ಲಿ ನಮ್ಮೆಲ್ಲರನ್ನೂ ಸೋಲಿಸುತ್ತಿದ್ದ ಮನುಷ್ಯ ಚಿಲ್ಲರೆ ಎಣಿಸಲು ತಡಕಾಡುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಯಾವುದರಲ್ಲೂ ಆಸಕ್ತಿಯೇ ಉಳಿದಿರಲಿಲ್ಲ. ಸಿಟ್ಟು ಕೂಡ ಬರುತ್ತಿರಲಿಲ್ಲ. ಅಪ್ಪನಿಗೆ ಸಿಟ್ಟು ಬರದೇ ಇದ್ದದ್ದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತ್ತು.

ಆಗ ಅವರಿಗೆ 73. 'ಅರವತ್ತಕ್ಕೆ ಅರಳುಮರಳು' ಎಂಬ ಮಾತು ಕೇಳುತ್ತಲೇ ಬೆಳೆದವರು ನಾವು. ಇವರಿಗೆ ಎಪ್ಪತ್ತು ದಾಟಿದ ಮೇಲೆ ಬಂತಲ್ಲ ಎಂದು ಸಮಾಧಾನ ಮಾಡಿಕೊಂಡೆವು. ಈ ಒಂದು ಸಮಾಧಾನಕ್ಕೆ ನಮ್ಮ ಎರಡು ವರ್ಷ ಹೋಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈ ಬರಹ ಬರೆಯುತ್ತಿರುವುದೂ ಆ ಸಂಕಟಕ್ಕೇ.

ಆಸ್ಪತ್ರೆಗೆ ಹೋಗಿರಲಿಲ್ಲ ಅಂತಲ್ಲ. ನಡಿಗೆಗೆ ಮೂಳೆ ಡಾಕ್ಟರ ಹತ್ತಿರ ಹೋದೆವು, ಮಂಡಿ ಸವೆದಿದೆ ಅಂದರು. ಎದ್ದು ಬಚ್ಚಲಿಗೆ ಹೋಗುವಷ್ಟರಲ್ಲೇ ಮೂತ್ರ ಆಗಿಬಿಡುತ್ತಿತ್ತು, ಅದಕ್ಕೆ ಇನ್ನೊಬ್ಬರು ಪ್ರಾಸ್ಟೇಟ್ ಗ್ರಂಥಿ ಅಂದರು. ಮರೆವಿಗೆ ಮತ್ತೊಬ್ಬರು, 'ವಯಸ್ಸಿಗೆ ತಕ್ಕ ಹಾಗಿದೆ, ಮಾತ್ರೆ ಕೊಡ್ತೀನಿ' ಅಂದರು. ಮೂವರು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಮಂಡಿ ಸವೆದಿತ್ತು, ಪ್ರಾಸ್ಟೇಟ್ ಸ್ವಲ್ಪ ದೊಡ್ಡದಾಗಿತ್ತು, ವಯಸ್ಸೂ ಆಗಿತ್ತು. ಆದರೆ ಮೂರು ಕಡೆ ಮೂರು ಫೈಲು. ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದವರು ಯಾರೂ ಇರಲಿಲ್ಲ. ಮನೆಯಲ್ಲಿದ್ದ ನಾವೂ ನೋಡಲಿಲ್ಲ.

ಕೊನೆಗೆ ನೋಡಿದವರು ಒಬ್ಬ ನ್ಯೂರಾಲಜಿಸ್ಟ್. ಅವರು ಮರೆವಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವ ಮೊದಲೇ ಬಾಗಿಲು ತೆಗೆದು, 'ಯಜಮಾನ್ರೇ, ಇಲ್ಲಿಂದ ಅಲ್ಲೀತನಕ ಸ್ವಲ್ಪ ನಡೆದು ತೋರಿಸ್ತೀರಾ' ಅಂದರು. ಅಪ್ಪ ನಡೆದರು. ಪಾದಗಳ ನಡುವೆ ಅಂತರ, ಹೆಜ್ಜೆ ಗಿಡ್ಡ, ಪಾದ ನೆಲ ಬಿಟ್ಟು ಏಳುತ್ತಿಲ್ಲ. ಡಾಕ್ಟರು ನನ್ನ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದರು: 'ಮೊದಲು ಶುರುವಾದದ್ದು ಯಾವುದು, ನಡಿಗೆಯೋ ಮರೆವೋ?'

ಯೋಚಿಸಿದೆ. ನಡಿಗೆ. ಮರೆವಿಗೆ ಆರೇಳು ತಿಂಗಳು ಮುಂಚೆಯೇ ನಡಿಗೆ.

ಆಲ್ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ನೆನಪು ಹೋಗುತ್ತದೆ, ನಡಿಗೆ ಬಹಳ ದಿನ ಚೆನ್ನಾಗಿಯೇ ಇರುತ್ತದೆ. ನಡಿಗೆ ಮೊದಲು ಕೆಟ್ಟು, ಆಮೇಲೆ ಮಂಕು ಕವಿದು, ಮೂತ್ರದ ಹಿಡಿತವೂ ತಪ್ಪಿದರೆ ಮನಸ್ಸಿಗೆ ಬರಬೇಕಾದ ಹೆಸರು ಬೇರೆ. ನಾರ್ಮಲ್ ಪ್ರೆಶರ್ ಹೈಡ್ರೋಸೆಫಲಸ್, ಚಿಕ್ಕದಾಗಿ ಎನ್‌ಪಿಎಚ್. ಆಸ್ಪತ್ರೆಯ ಕಾರಿಡಾರಿನಲ್ಲಿ ಜನ ಆಡುವ ಮಾತಲ್ಲಿ ಹೇಳುವುದಾದರೆ, ತಲೆಯಲ್ಲಿ ನೀರು ತುಂಬಿಕೊಂಡಿರುವುದು.

ಈ ನೀರು ಎಲ್ಲರ ತಲೆಯಲ್ಲೂ ಇದೆ. ಮೆದುಳಿನ ಒಳಗೆ ಕುಹರಗಳೆಂಬ ಪೊಳ್ಳು ಜಾಗಗಳಿವೆ. ಅಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ತಿಳಿನೀರಿನಂಥ ದ್ರವ ಹುಟ್ಟಿ, ಮೆದುಳು ಮತ್ತು ಬೆನ್ನುಹುರಿಯ ಸುತ್ತ ಹರಿದು, ಮತ್ತೆ ರಕ್ತಕ್ಕೆ ಸೇರುತ್ತದೆ. ಒಂದು ಹೊತ್ತಿಗೆ ಒಳಗಿರುವುದು 150 ಮಿಲಿ ಲೀಟರ್ ಆಸುಪಾಸು. ಅಂದರೆ ದಿನಕ್ಕೆ ಮೂರು ನಾಲ್ಕು ಬಾರಿ ಹಳೆಯದು ಹೋಗಿ ಹೊಸದು ಬರುತ್ತದೆ. ವಾಪಸು ಹೀರಿಕೊಳ್ಳುವುದು ಕುಂಠಿತವಾದರೆ ಕುಹರಗಳು ನಿಧಾನವಾಗಿ ಹಿಗ್ಗುತ್ತವೆ. ಕಾಲು ಮತ್ತು ಮೂತ್ರಕೋಶಕ್ಕೆ ಸಂಬಂಧಿಸಿದ ನರತಂತುಗಳು ಈ ಕುಹರಗಳ ಪಕ್ಕದಲ್ಲೇ ಹಾದುಹೋಗುವುದರಿಂದ ಮೊದಲ ಪೆಟ್ಟು ಅವಕ್ಕೆ ಬೀಳುತ್ತದೆ ಎಂಬುದು ವೈದ್ಯರು ಬಹುಕಾಲದಿಂದ ಕೊಡುತ್ತಿರುವ ವಿವರಣೆ.

ವಿಚಿತ್ರವೆಂದರೆ ಬೆನ್ನಿಗೆ ಸೂಜಿ ಹಾಕಿ ಒತ್ತಡ ಅಳೆದರೆ ಅದು ಸರಿಯಾಗಿಯೇ ಇರುತ್ತದೆ. ಈ ಒಗಟನ್ನು ಬಿಡಿಸಲು ಹೊರಟವರು ಕೊಲಂಬಿಯಾ ದೇಶದ ನ್ಯೂರೋಸರ್ಜನ್ ಸಾಲೊಮೊನ್ ಹಕೀಮ್. 1957ರಲ್ಲಿ ಬೊಗೊಟಾ ನಗರದಲ್ಲಿ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ 16 ವರ್ಷದ ಹುಡುಗನೊಬ್ಬ ಅವರ ಆರೈಕೆಯಲ್ಲಿದ್ದ. ಕುಹರಗಳು ದೊಡ್ಡದಾಗಿದ್ದವು, ಒತ್ತಡ ಮಾತ್ರ ಸಹಜ. ಪರೀಕ್ಷೆಗೆಂದು 15 ಮಿಲಿ ಲೀಟರ್ ದ್ರವ ತೆಗೆದರು. ಅರೆಪ್ರಜ್ಞೆಯಲ್ಲಿದ್ದ ಹುಡುಗ ಮರುದಿನ ಮಾತಾಡಿದ! ಅಲ್ಲಿಂದ ಹಕೀಮ್ ಆ ದಾರಿ ಬಿಡಲಿಲ್ಲ. ಒತ್ತಡ ಅಷ್ಟೇ ಇದ್ದರೂ ಅದು ಬೀಳುವ ಜಾಗ ಅಗಲವಾದರೆ ಒಟ್ಟು ಬಲ ಹೆಚ್ಚುತ್ತದೆ ಎಂಬ ಹೈಡ್ರಾಲಿಕ್ ಪ್ರೆಸ್ಸಿನ ಸೂತ್ರವನ್ನೇ ಹಿಡಿದು ವಾದಿಸಿದರು. 1964ರಲ್ಲಿ ಪ್ರಬಂಧ ಬರೆದರು. 1965ರಲ್ಲಿ ಅಮೆರಿಕದ ನರರೋಗ ತಜ್ಞ ರೇಮಂಡ್ ಆ್ಯಡಮ್ಸ್ ಮತ್ತಿತರರ ಜೊತೆ ಸೇರಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಲೇಖನದ ತಲೆಬರಹದಲ್ಲೇ ಇದು 'ಚಿಕಿತ್ಸೆ ಸಾಧ್ಯವಿರುವ' ಲಕ್ಷಣಕೂಟ ಎಂದು ಬರೆದಿದ್ದರು. ಅದಾಗಿ ಅರವತ್ತು ವರ್ಷ. ನಮ್ಮ ಮೂರು ಫೈಲುಗಳಲ್ಲಿ ಒಂದರಲ್ಲೂ ಆ ಹೆಸರಿರಲಿಲ್ಲ.

ಅಪರೂಪದ ಕಾಯಿಲೆ ಅನ್ನುತ್ತಾರೆ. ಸ್ವೀಡನ್ನಿನಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 80 ದಾಟಿದವರಲ್ಲಿ ಶೇ 5.9ರಷ್ಟು ಮಂದಿಗೆ ಈ ಲಕ್ಷಣಗಳೂ ಸ್ಕ್ಯಾನ್ ಚಿತ್ರವೂ ಹೊಂದಿಕೆಯಾಗಿದ್ದವು. ಅದನ್ನು ಓದಿದ ಮೇಲೆ ಅಪರೂಪ ಎಂಬ ಮಾತು ನನಗೆ ಒಪ್ಪಿಗೆಯಾಗುತ್ತಿಲ್ಲ.

ಎಂಆರ್‌ಐ ಆಯಿತು. ಕುಹರದ ಮುಂಭಾಗದ ಅಗಲವನ್ನು ತಲೆಬುರುಡೆಯ ಒಳ ಅಗಲದಿಂದ ಭಾಗಿಸಿದರೆ 0.3ಕ್ಕಿಂತ ಹೆಚ್ಚು ಬರಬಾರದು. ಅಪ್ಪನದು ಹೆಚ್ಚಿತ್ತು. ವಯಸ್ಸಾದವರ ಮೆದುಳು ಕುಗ್ಗಿದಾಗಲೂ ಕುಹರ ದೊಡ್ಡದಾಗಿ ಕಾಣುತ್ತದಲ್ಲ ಅಂತ ಕೇಳಿದೆ. ಡಾಕ್ಟರು ಚಿತ್ರ ತೋರಿಸಿದರು. ಬರೀ ಕುಗ್ಗಿದ್ದರೆ ನೆತ್ತಿಯ ಕಡೆಯ ಮಡಿಕೆಗಳೂ ಬಿಚ್ಚಿಕೊಂಡಿರಬೇಕು. ಇಲ್ಲಿ ನೆತ್ತಿಯ ಹತ್ತಿರ ಮಡಿಕೆಗಳು ಒತ್ತೊತ್ತಾಗಿ ಮುಚ್ಚಿಕೊಂಡಿದ್ದವು, ಕೆಳಗೆ ಪಕ್ಕದ ಬಿರುಕು ಮಾತ್ರ ಅಗಲ. ಒಳಗಿಂದ ಯಾರೋ ತಳ್ಳುತ್ತಿರುವ ಹಾಗೆ.

ಚಿತ್ರವೊಂದನ್ನೇ ನೆಚ್ಚಿ ಆಪರೇಷನ್ ಮಾಡುವುದಿಲ್ಲ. ಮೊದಲು ಬೆನ್ನಿನಿಂದ ನೀರು ತೆಗೆದು ನೋಡುತ್ತಾರೆ, 30ರಿಂದ 50 ಮಿಲಿ ಲೀಟರ್. ತೆಗೆಯುವ ಮೊದಲು ಒಂದು ಸಲ ನಡೆಸುತ್ತಾರೆ, ತೆಗೆದ ಮೇಲೆ ಮತ್ತೆ ನಡೆಸುತ್ತಾರೆ. ನೆಲದ ಮೇಲೆ ಹತ್ತು ಮೀಟರಿಗೆ ಎರಡು ಕಡೆ ಟೇಪ್ ಅಂಟಿಸಿದ್ದರು. ಫಿಸಿಯೋಥೆರಪಿಸ್ಟ್ ಕೈಯಲ್ಲಿ ಸ್ಟಾಪ್‌ವಾಚು, ನನಗೆ ಹೆಜ್ಜೆ ಎಣಿಸುವ ಕೆಲಸ. ಬೆಳಿಗ್ಗೆ 38 ಹೆಜ್ಜೆ, 31 ಸೆಕೆಂಡು. ಮಧ್ಯದಲ್ಲಿ ಎರಡು ಸಲ ಕಾಲು ಅಂಟಿಕೊಂಡಿತು. ಆಮೇಲೆ ಗೋಡೆಯ ಕಡೆ ಮುಖ ಮಾಡಿ, ಮಂಡಿ ಎದೆಗೆ ತಂದು, ಮಗುವಿನ ಹಾಗೆ ಮುದುಡಿ ಮಲಗಿಸಿದರು. ಸೂಜಿಯ ತುದಿಯಿಂದ ಹನಿ ಹನಿಯಾಗಿ ನೀರು ಬಿತ್ತು. ನಿಜವಾಗಿಯೂ ನೀರೇ, ಬಣ್ಣವೇ ಇಲ್ಲ. ಇದೇ ನಮ್ಮಪ್ಪನನ್ನು ನಮ್ಮಿಂದ ದೂರ ಮಾಡಿದ್ದೇ ಅಂತ ಆ ಸೀಸೆಯನ್ನೇ ನೋಡುತ್ತ ನಿಂತಿದ್ದೆ.

ಸಂಜೆ ಮತ್ತೆ ನಡೆಸಿದರು. 27 ಹೆಜ್ಜೆ. 19 ಸೆಕೆಂಡು. ಟೇಪಿನ ಹತ್ತಿರ ಬಂದು ತಿರುಗುವಾಗ ಅಪ್ಪ ಗೋಡೆ ಹಿಡಿಯಲಿಲ್ಲ. ನಾನು ಎಣಿಸಿದ್ದು ತಪ್ಪಿರಬೇಕೆಂದು ಇನ್ನೊಮ್ಮೆ ನಡೆಸಲು ಬೇಡಿಕೊಂಡೆ. 27.

ಇಲ್ಲೊಂದು ಮಾತು ಹೇಳಲೇಬೇಕು. ಈ ಪರೀಕ್ಷೆಯಲ್ಲಿ ನಡಿಗೆ ಸುಧಾರಿಸಿದರೆ ಶಂಟ್, ಅಂದರೆ ಹೆಚ್ಚಾದ ದ್ರವವನ್ನು ಹರಿಸುವ ನಳಿಕೆ, ಹಾಕಿದ ಮೇಲೂ ಸುಧಾರಿಸುವ ಭರವಸೆ ಹೆಚ್ಚು. ಸುಧಾರಿಸದಿದ್ದರೆ ಅಲ್ಲಿಗೆ ಬಾಗಿಲು ಮುಚ್ಚಿತು ಅಂತಲ್ಲ. ಆ ಒಂದು ದಿನ ಏನೂ ಕಾಣದೆ, ಆಮೇಲೆ ಶಂಟಿನಿಂದ ಗುಣ ಕಂಡವರೂ ಇದ್ದಾರೆ. ಅನುಮಾನ ಉಳಿದರೆ ಬೆನ್ನಿನಲ್ಲಿ ಸಣ್ಣ ನಳಿಕೆ ಇಟ್ಟು ಎರಡು ಮೂರು ದಿನ ದ್ರವ ಹರಿಯಬಿಟ್ಟು ನೋಡುವ ಕ್ರಮವೂ ಇದೆ. ಒಂದೇ ಪರೀಕ್ಷೆಗೆ ಕೈಚೆಲ್ಲಬಾರದು.

ಶಂಟ್ ಅಂದರೆ ಒಂದು ಕಾಲುವೆ ಅನ್ನಬಹುದು. ತಲೆಬುರುಡೆಯಲ್ಲಿ ಒಂದು ಸಣ್ಣ ತೂತು, ಅಲ್ಲಿಂದ ಕುಹರದೊಳಕ್ಕೆ ತೆಳ್ಳನೆಯ ನಳಿಕೆ. ಕಿವಿಯ ಹಿಂದೆ ಚರ್ಮದಡಿ ಒಂದು ವಾಲ್ವ್. ಅಲ್ಲಿಂದ ಕುತ್ತಿಗೆ, ಎದೆಯ ಚರ್ಮದ ಕೆಳಗೇ ನಳಿಕೆ ಇಳಿದು ಹೊಟ್ಟೆಯ ಪೊರೆಯೊಳಗೆ ಕೊನೆಯಾಗುತ್ತದೆ. ಹೆಚ್ಚಾದ ದ್ರವವನ್ನು ಹೊಟ್ಟೆ ಹೀರಿಕೊಳ್ಳುತ್ತದೆ. ತಲೆಗೆ ಕೈ ಹಾಕದೆ ಬೆನ್ನಿನಿಂದಲೇ ಹೊಟ್ಟೆಗೆ ನಳಿಕೆ ಹಾಕುವುದೂ ಉಂಟು, ಜಪಾನಿನಲ್ಲಿ ಅದು ಬಹಳ ಬಳಕೆಯಲ್ಲಿದೆ. ಹೊಟ್ಟೆ ಸೂಕ್ತವಿಲ್ಲದವರಿಗೆ ಹೃದಯದ ಮೇಲಿನ ಕೋಣೆಗೂ ನಳಿಕೆ ಬಿಡುತ್ತಾರೆ.

ಇಡೀ ಏರ್ಪಾಟಿನ ಜೀವ ಇರುವುದು ವಾಲ್ವಿನಲ್ಲಿ. ಅದರ ಚರಿತ್ರೆ ಓದುವಾಗ ಒಬ್ಬ ತಂದೆಯ ಕಥೆ ಸಿಕ್ಕಿತು. 1955ರಲ್ಲಿ ಅಮೆರಿಕದ ಜಾನ್ ಹೋಲ್ಟರ್ ಎಂಬ ಯಂತ್ರ ಕುಶಲಕರ್ಮಿಗೆ ಮಗ ಹುಟ್ಟಿದ. ಮಗುವಿನ ತಲೆಯಲ್ಲಿ ನೀರು ತುಂಬುತ್ತಿತ್ತು, ಆಗಿನ ನಳಿಕೆಗಳು ಕಟ್ಟಿಕೊಳ್ಳುತ್ತಿದ್ದವು. ಹೋಲ್ಟರ್ ತಾನೇ ಕೂತು ಸಿಲಿಕೋನಿನಲ್ಲಿ ಒಂದೇ ದಿಕ್ಕಿಗೆ ತೆರೆಯುವ ವಾಲ್ವ್ ಮಾಡಿದ. ಮಗುವಿನ ಸರ್ಜನ್ ಯೂಜೀನ್ ಸ್ಪಿಟ್ಜ್ ಅದನ್ನು ಬಳಕೆಗೆ ತಂದರು. ಈಗಿನ ವಾಲ್ವುಗಳನ್ನು ಹೊರಗಿನಿಂದಲೇ ಅಯಸ್ಕಾಂತದ ಸಾಧನ ಹಿಡಿದು ಬಿಗಿ ಮಾಡಬಹುದು, ಸಡಿಲ ಮಾಡಬಹುದು. ಅಪ್ಪನ ತಲೆಯ ಹತ್ತಿರ ಡಾಕ್ಟರು ಆ ಸಾಧನ ಹಿಡಿದಾಗಲೆಲ್ಲ ನನಗೆ ಆ ಕುಶಲಕರ್ಮಿ ತಂದೆ ನೆನಪಾಗುತ್ತಾನೆ. (ಕೆಲವು ವಾಲ್ವುಗಳ ಅಳತೆ ಎಂಆರ್‌ಐ ಯಂತ್ರದ ಅಯಸ್ಕಾಂತಕ್ಕೆ ಬದಲಾಗಿಬಿಡುತ್ತದೆ. ಶಂಟ್ ಇರುವವರು ಎಂಆರ್‌ಐಗೆ ಹೋಗುವ ಮುಂಚೆ ಹೇಳಬೇಕು, ಆದ ಮೇಲೆ ವಾಲ್ವ್ ಪರೀಕ್ಷೆ ಮಾಡಿಸಬೇಕು.)

ಆಪರೇಷನ್ ಮುಗಿದು ಮೂರನೆಯ ತಿಂಗಳಿಗೆ ಅಪ್ಪ ಹತ್ತು ಮೀಟರಿಗೆ 19 ಹೆಜ್ಜೆಗೆ ಬಂದರು. ಹೊಸ್ತಿಲು ಒಂದು ತೊಡಕಾಗಿ ಉಳಿಯಲಿಲ್ಲ. ಮೂತ್ರದ ತೊಂದರೆ ಅರ್ಧಕ್ಕಿಂತ ಕಡಿಮೆಯಾಯಿತು. ನೆನಪು? ನಾವು ಆಸೆಪಟ್ಟಷ್ಟು ಬರಲಿಲ್ಲ. ಮಂಕು ಸರಿಯಿತು, ಮಾತಿಗೆ ಮಾತು ಬಂತು, ಪತ್ರಿಕೆಯ ಪುಟ ತಿರುಗಿತು. ಒಂದು ದಿನ ನನ್ನ ಮೇಲೆ ರೇಗಿದರು. 'ನನ್ನ ಕನ್ನಡಕ ನೀನ್ಯಾಕೆ ಎತ್ತಿಟ್ಟೆ?' ಅಮ್ಮ ಒಳಗಿನಿಂದ ಓಡಿ ಬಂದು ಅವರ ಮುಖವನ್ನೇ ನೋಡಿದಳು, ನನ್ನ ಮುಖ ನೋಡಿದಳು, ಇಬ್ಬರಿಗೂ ಕಣ್ಣು ತುಂಬಿತು. ಆದರೆ ಹೋದ ವಾರ ಬಂದು ಹೋದವರ ಹೆಸರು ಕೇಳಿದರೆ ಈಗಲೂ ತಡವರಿಸುತ್ತಾರೆ.

ಇದು ನಮ್ಮ ಮನೆಯ ಅನುಭವ ಮಾತ್ರ ಆಗಿದ್ದರೆ ಬರೆಯುತ್ತಿರಲಿಲ್ಲ. 2025ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ಲಿನಲ್ಲೇ 99 ರೋಗಿಗಳ ಮೇಲಿನ ಒಂದು ಪ್ರಯೋಗ ಪ್ರಕಟವಾಯಿತು. ಎಲ್ಲರಿಗೂ ಶಂಟ್ ಹಾಕಿದರು. ಅರ್ಧದಷ್ಟು ಜನರ ವಾಲ್ವ್ ತೆರೆದಿಟ್ಟರು, ಉಳಿದವರದನ್ನು ಹೆಚ್ಚುಕಡಿಮೆ ಮುಚ್ಚಿದ ಹಾಗೆ ಬಿಗಿ ಮಾಡಿದರು. ಯಾರದು ಯಾವುದು ಎಂದು ರೋಗಿಗೆ ಗೊತ್ತಿಲ್ಲ. ಮೂರು ತಿಂಗಳ ನಂತರ ತೆರೆದವರ ನಡಿಗೆಯ ವೇಗ ಸೆಕೆಂಡಿಗೆ ಸರಾಸರಿ 0.23 ಮೀಟರ್ ಹೆಚ್ಚಿತ್ತು, ಮುಚ್ಚಿದವರದು 0.03 ಮಾತ್ರ. ಬಿದ್ದವರ ಪ್ರಮಾಣ ತೆರೆದವರಲ್ಲಿ ಶೇ 24, ಮುಚ್ಚಿದವರಲ್ಲಿ ಶೇ 46. ಆದರೆ ನೆನಪು, ಬುದ್ಧಿಶಕ್ತಿಯ ಅಂಕದಲ್ಲಿ ಮತ್ತು ಮೂತ್ರದ ತೊಂದರೆಯಲ್ಲಿ ಆ ಮೂರು ತಿಂಗಳಲ್ಲಿ ಎರಡೂ ಗುಂಪಿನ ನಡುವೆ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಮೆದುಳಿನ ಸುತ್ತ ರಕ್ತಸ್ರಾವ ತೆರೆದವರಲ್ಲಿ ಶೇ 12, ಮುಚ್ಚಿದವರಲ್ಲಿ ಶೇ 2. ನಿಂತಾಗ ಬರುವ ತಲೆನೋವೂ ಹೆಚ್ಚು. ದ್ರವ ಬೇಕಾದ್ದಕ್ಕಿಂತ ವೇಗವಾಗಿ ಇಳಿದರೆ ಹೀಗಾಗುತ್ತದೆ, ಆಗ ವಾಲ್ವ್ ಬಿಗಿ ಮಾಡುತ್ತಾರೆ. ಸೋಂಕು ತಗಲಬಹುದು, ನಳಿಕೆ ಕಟ್ಟಿಕೊಂಡು ಮತ್ತೆ ಆಪರೇಷನ್ ಬೇಕಾಗಬಹುದು. ಇದನ್ನೆಲ್ಲ ಆಪರೇಷನ್ನಿಗೆ ಮೊದಲೇ ನಮಗೆ ಬಿಡಿಸಿ ಹೇಳಿದ ಸರ್ಜನ್‌ಗೆ ನಾನು ಋಣಿ. 'ಕಾಲಿಗೆ ಭರವಸೆ ಕೊಡ್ತೀನಿ, ತಲೆಗೆ ಪ್ರಯತ್ನ ಅಷ್ಟೇ' ಅಂದಿದ್ದರು.

ನಡಿಗೆ ಮಾತ್ರ ಸುಧಾರಿಸುವುದಾದರೆ ಇಷ್ಟೆಲ್ಲ ಯಾಕೆ ಅಂತ ಒಬ್ಬರು ನನ್ನನ್ನು ಕೇಳಿದರು. ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದವರನ್ನು ನೋಡಿಕೊಂಡವರು ಈ ಪ್ರಶ್ನೆ ಕೇಳಲಾರರು. ರಾತ್ರಿ ಯಾರನ್ನೂ ಎಬ್ಬಿಸದೆ ತಾವೇ ಬಚ್ಚಲಿಗೆ ಹೋಗಿ ಬರುವ ಮುದುಕನ ಮಾನ ಎಷ್ಟು ದೊಡ್ಡದು ಎಂಬುದನ್ನು ನಾನು ಅಪ್ಪನ ಮುಖದಲ್ಲಿ ನೋಡಿದ್ದೇನೆ.

ಆ ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಮಂಚಕ್ಕೆ ಒಬ್ಬ ಅಜ್ಜಿ ಬಂದರು. ಒಂದೂವರೆ ತಿಂಗಳ ಹಿಂದೆ ಕಪಾಟಿನ ಬಾಗಿಲು ತಲೆಗೆ ತಗಲಿತ್ತಂತೆ, ಊದಿಕೊಂಡಿತ್ತಂತೆ, ಇಳಿಯಿತಂತೆ. ಎಲ್ಲರೂ ಮರೆತರು. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಎರಡು ವಾರದಿಂದ ಮಾತು ತಪ್ಪುತ್ತಿತ್ತು, ಹಗಲೆಲ್ಲ ತೂಕಡಿಕೆ, ಮಗನನ್ನೇ ಅಣ್ಣ ಅನ್ನುತ್ತಿದ್ದರು. ಸಿ.ಟಿ. ಸ್ಕ್ಯಾನ್ ಮಾಡಿದಾಗ ಮೆದುಳಿನ ಹೊರಪೊರೆಯ ಕೆಳಗೆ ಹಳೆಯ ರಕ್ತದ ದಪ್ಪ ಪದರ.

ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ಬುರುಡೆಗೂ ಮೆದುಳಿಗೂ ನಡುವೆ ಹಾದುಹೋಗುವ ಸಣ್ಣ ಅಭಿಧಮನಿಗಳು ಎಳೆದು ಕಟ್ಟಿದ ದಾರದ ಹಾಗಾಗುತ್ತವೆ. ಸಣ್ಣ ಪೆಟ್ಟಿಗೂ ಕಿತ್ತು ರಕ್ತ ಒಸರುತ್ತದೆ. ಜಾಗ ಇರುವುದರಿಂದ ತಕ್ಷಣ ಗೊತ್ತಾಗುವುದಿಲ್ಲ. ವಾರಗಳು ಕಳೆದಂತೆ ಅದರ ಸುತ್ತ ಪೊರೆ ಬೆಳೆದು, ಆ ಪೊರೆಯಿಂದಲೇ ಮತ್ತೆ ಮತ್ತೆ ಒಸರಿ ಗಾತ್ರ ಹೆಚ್ಚುತ್ತದೆ. ಇದಕ್ಕೆ ಬುರುಡೆಯಲ್ಲಿ ಒಂದೋ ಎರಡೋ ತೂತು ಮಾಡಿ, ಎಂಜಿನ್ ಆಯಿಲಿನಂತಿರುವ ಆ ಹಳೆಯ ರಕ್ತವನ್ನು ಹರಿಸಿ ತೊಳೆಯುತ್ತಾರೆ. ನೋವು ತಿಳಿಯದಂತೆ ಆ ಜಾಗವನ್ನಷ್ಟೇ ಮರಗಟ್ಟಿಸಿಯೂ ಮಾಡಬಹುದು. ತೊಳೆದ ಮೇಲೆ ಒಂದೆರಡು ದಿನ ನಳಿಕೆ ಬಿಟ್ಟಿರುತ್ತಾರೆ. ಆ ನಳಿಕೆ ಇಡುವುದು ಸಣ್ಣ ಸಂಗತಿ ಅಲ್ಲವೇ ಅಲ್ಲ. 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಪ್ರಯೋಗದಲ್ಲಿ ನಳಿಕೆ ಇಡದವರಲ್ಲಿ ಶೇ 24ರಷ್ಟು ಜನರಿಗೆ ಮತ್ತೆ ರಕ್ತ ತುಂಬಿತು, ಇಟ್ಟವರಲ್ಲಿ ಶೇ 9.3 ಮಾತ್ರ. ಈಚೆಗೆ, ಆ ಪೊರೆಗೆ ರಕ್ತ ಪೂರೈಸುವ ಅಪಧಮನಿಯನ್ನು ಒಳಗಿನಿಂದಲೇ ಮುಚ್ಚುವ ವಿಧಾನ ಬಂದಿದೆ. 2024ರ ಒಂದು ಪ್ರಯೋಗದಲ್ಲಿ ಆಪರೇಷನ್ ಜೊತೆಗೆ ಇದನ್ನೂ ಮಾಡಿದವರಲ್ಲಿ ಮತ್ತೆ ಆಪರೇಷನ್ ಬೇಕಾದದ್ದು ಶೇ 4.1, ಮಾಡದವರಲ್ಲಿ ಶೇ 11.3.

ಆ ಅಜ್ಜಿ ಮೂರನೆಯ ದಿನ ಎದ್ದು ಕೂತು, ಮಗನನ್ನು ಹೆಸರು ಹಿಡಿದು ಕರೆದು, 'ಯಾಕೋ ಇಷ್ಟು ಸೊರಗಿದ್ದೀಯ' ಅಂದರು. ಅವರನ್ನೂ ಮನೆಯವರು ಎರಡು ವಾರ ಅರಳುಮರಳು ಅಂತಲೇ ಅಂದುಕೊಂಡಿದ್ದರು. ಮರೆವು ವರ್ಷಗಳಲ್ಲಿ ಬಾರದೆ ವಾರಗಳಲ್ಲಿ ಬಂದರೆ ಒಂದು ದಿನವೂ ಕಾಯಬಾರದು. ಇದನ್ನು ನಾನು ಯಾರ ಮುಂದೆ ಬೇಕಾದರೂ ಕೈಮುಗಿದು ಹೇಳುತ್ತೇನೆ.

ಗಡ್ಡೆಯ ಮಾತೂ ಇದೆ. ಮೆದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮ ಬಹುಪಾಲು ಕ್ಯಾನ್ಸರ್ ಅಲ್ಲ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಹಣೆಯ ಹಿಂದೆ ಬೆಳೆದರೆ ಕೈಕಾಲು ಚೆನ್ನಾಗಿಯೇ ಇರುತ್ತವೆ, ಮನುಷ್ಯ ಬದಲಾಗುತ್ತಾನೆ. ಉತ್ಸಾಹ ಇಲ್ಲ, ಸಂಕೋಚ ಇಲ್ಲ, ಕೆಲವೊಮ್ಮೆ ವಾಸನೆಯೂ ತಿಳಿಯುವುದಿಲ್ಲ. ಖಿನ್ನತೆ ಅಂತಲೋ ಮರೆಗುಳಿತನ ಅಂತಲೋ ಮಾತ್ರೆ ನುಂಗುತ್ತ ಇರುತ್ತಾರೆ. ತೆಗೆದ ಮೇಲೆ ಎಷ್ಟು ಮರಳುತ್ತದೆ ಎಂಬುದು ಗಾತ್ರ, ಜಾಗ, ಎಷ್ಟು ಕಾಲ ಒತ್ತಿತ್ತು ಎಂಬುದರ ಮೇಲೆ ನಿಂತಿದೆ. ತಲೆಯಿಂದ ದೂರದ ಕಾರಣವೂ ಉಂಟು. ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಯಲ್ಲಿ ಸಣ್ಣ ಗಡ್ಡೆ ಬೆಳೆದು ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೂ ಮಂಕು, ಗೊಂದಲ ಬರಬಹುದು. ಅದಕ್ಕೂ ಮದ್ದು ಶಸ್ತ್ರಚಿಕಿತ್ಸೆಯೇ.

ಇಷ್ಟು ಬರೆದ ಮೇಲೆ ಸುಳ್ಳು ಆಸೆ ಹುಟ್ಟಿಸಿದ ಪಾಪ ನನಗೆ ಬೇಡ. ಮರೆವಿನ ಕಾಯಿಲೆಗಳಲ್ಲಿ ಹೆಚ್ಚಿನವು ಆಲ್ಝೈಮರ್ ಮತ್ತು ಅದರ ಬಂಧುಗಳು, ಅವನ್ನು ಗುಣಪಡಿಸುವ ಶಸ್ತ್ರಚಿಕಿತ್ಸೆ ಇಲ್ಲ. 2003ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಗುಣವಾಗಬಹುದಾದ ಕಾರಣ ಸಿಕ್ಕಿದ್ದು ಶೇ 9ರಷ್ಟು ಜನರಲ್ಲಿ, ನಿಜವಾಗಿ ಮರಳಿದ್ದು ಶೇ 0.6. ಈ ಎರಡನೆಯ ಅಂಕಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಆ ಎರಡು ಅಂಕಿಗಳ ನಡುವೆ ತಡವಾಗಿ ಬಂದವರು ಎಷ್ಟು ಮಂದಿ ಇದ್ದಿರಬಹುದು ಅಂತಲೇ ಯೋಚನೆ. ಎನ್‌ಪಿಎಚ್ ಇರುವ ಹಲವರಲ್ಲಿ ಆಲ್ಝೈಮರ್ ಕೂಡ ಜೊತೆಗೇ ಇರುತ್ತದೆ, ಅಂಥವರಿಗೆ ಶಂಟಿನ ಗುಣ ಕಡಿಮೆ ಕಾಲ ನಿಲ್ಲಬಹುದು. ಕುಹರ ದೊಡ್ಡದು ಕಂಡ ಮಾತ್ರಕ್ಕೆ ಶಂಟ್ ಹಾಕಿಸಿಕೊಳ್ಳುವುದೂ ತಪ್ಪೇ. ಆದರೆ ತಲೆಯ ಒಂದು ಸ್ಕ್ಯಾನ್, ಬಿ12, ಥೈರಾಯ್ಡ್, ಕ್ಯಾಲ್ಸಿಯಂ ರಕ್ತ ಪರೀಕ್ಷೆ, ನುಂಗುತ್ತಿರುವ ಮಾತ್ರೆಗಳ ಪಟ್ಟಿಯ ಪರಿಶೀಲನೆ, ಮತ್ತೆ ಹತ್ತು ಮೀಟರ್ ನಡೆಸಿ ನೋಡುವುದು, ಇಷ್ಟೂ ಆಗದೆ ಯಾರಿಗೂ 'ವಯಸ್ಸಾಯಿತು' ಎಂಬ ಹಣೆಪಟ್ಟಿ ಕಟ್ಟಬಾರದು.

ಡಾಕ್ಟರ ಹತ್ತಿರ ಹೋಗುವಾಗ ಮೊಬೈಲಿನಲ್ಲಿ ನಡಿಗೆಯ ವಿಡಿಯೋ ತೆಗೆದುಕೊಂಡು ಹೋಗಿ. ಮನೆಯಲ್ಲಿ ನಡೆಯುವುದೇ ಬೇರೆ, ಡಾಕ್ಟರ ಮುಂದೆ ನೆಟ್ಟಗೆ ನಡೆದು ತೋರಿಸುವುದೇ ಬೇರೆ. ಯಾವುದು ಮೊದಲು, ಯಾವುದು ಆಮೇಲೆ, ಯಾವ ತಿಂಗಳು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಮೂತ್ರದ ಮಾತು ನಾಚಿಕೆಯಿಂದ ನುಂಗಬೇಡಿ. ನಾವು ನುಂಗಿದ್ದೆವು.

ಅಪ್ಪನಿಗೆ ಈಗ 79. ಮನೆಯ ಪಡಸಾಲೆಯಲ್ಲಿ ನಾಲ್ಕು ವರ್ಷದ ಹಿಂದೆ ಅಂಟಿಸಿದ ಟೇಪ್ ಇನ್ನೂ ಇದೆ, ಅಂಚು ಸವೆದು ಕಪ್ಪಾಗಿದೆ. ಜಾಗ ಐದು ಮೀಟರ್, ಹೋಗಿ ಬಂದರೆ ಹತ್ತು. ಪ್ರತಿ ಭಾನುವಾರ ನಡೆಯುತ್ತಾರೆ, ನಾನು ಎಣಿಸುತ್ತೇನೆ, ಅಮ್ಮ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಬಹಳ ಕಾಲ 20, 21ರಲ್ಲೇ ಇತ್ತು. ಹೋದ ತಿಂಗಳು 23 ಆಯಿತು. ಮೊನ್ನೆ 25. ವಾಲ್ವ್ ಒಂದು ಅಳತೆ ಸಡಿಲ ಮಾಡಿದರೆ ಸಾಕಾಗಬಹುದು, ನಳಿಕೆ ಕಟ್ಟಿಕೊಂಡಿರಬಹುದು, ಕಾಯಿಲೆಯೇ ಮುಂದುವರಿದಿರಬಹುದು. ಮುಂದಿನ ಮಂಗಳವಾರಕ್ಕೆ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ಈ ಸಲ ನಾವು ಒಂದು ವಾರವೂ ಕಾಯಲಿಲ್ಲ.

ಮೊನ್ನೆ ನಡೆದು ಬಂದು ಕುರ್ಚಿಯಲ್ಲಿ ಕೂತ ಮೇಲೆ ಅಪ್ಪ, 'ಎಷ್ಟಾಯ್ತು?' ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೋದ ವಾರ ಎಷ್ಟಿತ್ತು?' ಅಂದರು. ಆ ಪ್ರಶ್ನೆ ಅವರಿಗೇ ಹೊಳೆದದ್ದಕ್ಕೆ ಅಮ್ಮ ಕ್ಯಾಲೆಂಡರ್ ಹಿಡಿದುಕೊಂಡೇ ನನ್ನ ಕಡೆ ನೋಡಿದಳು.